ಅಕ್ಕನ ಬಿಲ್ಲೆ, ತಮ್ಮನ ಕೊಳವೆ

ಬೆಳಕು ಹರಿಯುವ ಹೊತ್ತು. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಫಿಟ್ಟರ್ ಕುಲುಮೆಯ ಬಾಗಿಲು ತೆರೆಯುತ್ತಿದ್ದಾರೆ. ಎಂಟುನೂರು ಡಿಗ್ರಿಯಲ್ಲಿ ವಾರಗಟ್ಟಲೆ ಕಾದು, ರಾತ್ರಿಯಿಡೀ ಆರಿದ ಮೇಲೂ ಅದರ ಬಾಯಿಯ ಝಳಕ್ಕೆ ಸೂರ್ಯನೇ ಎರಡು ಹೆಜ್ಜೆ ಹಿಂದೆ ಸರಿದಾನು. ಒಳಗೆ ಸಾಲಾಗಿ ಲೋಹದ ತುಂಡುಗಳು. ಪ್ರತಿಯೊಂದರ ಪಕ್ಕದಲ್ಲೂ ಒಡೆದ ಪಿಂಗಾಣಿ ಬಿಲ್ಲೆಯ ಬಿಳಿ ಚೂರು. ಲೋಹದತ್ತ ಅವರು ತಿರುಗಿಯೂ ನೋಡುವುದಿಲ್ಲ. ಚೂರುಗಳನ್ನು ಇಕ್ಕಳದಲ್ಲಿ ಎತ್ತಿ ದೀಪಕ್ಕೆ ಹಿಡಿಯುತ್ತಾರೆ.

ಇಂಧನಕೋಶವೆಂದರೆ ಇಂಥದೇ ತೆಳ್ಳನೆಯ ಬಿಲ್ಲೆ. ಕಾಯಿಸಿ, ಒಂದು ಬದಿಗೆ ಜಲಜನಕ, ಇನ್ನೊಂದು ಬದಿಗೆ ಗಾಳಿ ಹಾಯಿಸಿದರೆ ವಿದ್ಯುತ್ತು ಕೊಡುತ್ತದೆ. ಅದನ್ನು ಮೇಲಿನ ಮಹಡಿಯಲ್ಲಿ ಮಾಡುವವರು ಫಿಟ್ಟರರ ಒಡಹುಟ್ಟಿದ ಅಕ್ಕ. ಆಕೆಯ ಕೈ ಎಷ್ಟು ಹಗುರವೆಂದರೆ, ಎತ್ತಿಟ್ಟದ್ದು ಬಿಲ್ಲೆಗೇ ತಿಳಿಯುವುದಿಲ್ಲ. ಅದನ್ನು ಪರೀಕ್ಷಿಸುವ ಉಪಕರಣಕ್ಕೆ ಬಿಸಿ ಗಾಳಿಯ ಕೊಳವೆ ಆರಿಸಿ ಜೋಡಿಸುವವರು ತಮ್ಮ, ಈ ಫಿಟ್ಟರ್. ಅವರು ಆರಿಸಿದ ಉಕ್ಕು ಕಂಡರೆ ತುಕ್ಕು ಬೇರೆ ಬೀದಿ ಹಿಡಿದು ಹೋಗುತ್ತಿತ್ತು.

ಆದರೂ ಬಿಲ್ಲೆಗಳು ವಿದ್ಯುತ್ತು ಕೊಡುವುದು ನಿಲ್ಲಿಸಿ ಒಂದರ ಹಿಂದೊಂದು ಸತ್ತವು. ಎಲ್ಲರ ಬೆರಳೂ ಅಕ್ಕನ ಕಡೆಗೇ. ಊಟದ ಹೊತ್ತಿಗೆ ತಮ್ಮನೂ ಅಂದುಬಿಟ್ಟರು: ‘ನನ್ನ ಕೊಳವೆ ನೋಡೇ, ಕನ್ನಡಿ ಇದ್ದ ಹಾಗಿದೆ. ನಿನ್ನ ಮಣ್ಣಲ್ಲೇ ಏನೋ ಕೆಟ್ಟಿದೆ.’ ಅಕ್ಕ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದರು.

ಕೊನೆಗೆ ಸತ್ತ ಬಿಲ್ಲೆಯನ್ನು ಸೀಳಿ ನೋಡಿದ ವಿಜ್ಞಾನಿ ಮೇಡಂ ಕೆಳಗಿಳಿದು ಬಂದರು. ಗಾಳಿ ತಾಗುವ ಬದಿಯಲ್ಲಿ ಕ್ರೋಮಿಯಂ ಕೂತಿತ್ತು. ಅಕ್ಕನ ಮಣ್ಣಿನಲ್ಲಿ ಅದಿಲ್ಲ, ಇರುವುದು ಕೊಳವೆಯಲ್ಲಿ. ಉಕ್ಕನ್ನು ತುಕ್ಕಿನಿಂದ ಕಾಯುವ ಅದೇ ಕ್ರೋಮಿಯಂ, ಕಡುಬಿಸಿಯ ತೇವದ ಗಾಳಿಗೆ ಆವಿಯಾಗಿ ಬಂದು ಬಿಲ್ಲೆಯ ಉಸಿರು ಕಟ್ಟಿಸುತ್ತಿತ್ತು.

‘ಕೊಳವೆ ಕೆಡುತ್ತಾ ಅಂತ ಮಾತ್ರ ನೋಡ್ತಿದ್ದೆ,’ ಎನ್ನುತ್ತಾರೆ ಫಿಟ್ಟರ್. ‘ಅದು ಪಕ್ಕದಲ್ಲಿರೋದನ್ನ ಕೆಡಿಸುತ್ತಾ ಅಂತ ನೋಡ್ಲೇ ಇಲ್ಲ.’

ಅಂದು ಸಂಜೆ ಮಹಡಿ ಹತ್ತಿ, ತಪ್ಪು ತನ್ನದೆಂದು ಹೇಳಿ, ಒಡೆದ ಬಿಲ್ಲೆ ಇದ್ದರೆ ಕೊಡು ಎಂದರು. ಅಕ್ಕ ಒಂದು ಡಬ್ಬದ ತುಂಬ ಸುರಿದು ಕೊಟ್ಟರು. ‘ತಗೋ. ಬೇಕಾದಷ್ಟಿದೆ, ಎಲ್ಲ ನಿನ್ನ ದಯೆ.’

ಈಗ ಕುಲುಮೆಯಲ್ಲಿ ಪಕ್ಕಕ್ಕಿಟ್ಟ ಚೂರು ಬಣ್ಣಗೆಟ್ಟರೆ ಸಾಕು, ಎಂಥ ಹೊಳೆಯುವ ಲೋಹವೂ ಗುಜರಿಗೆ. ಉಳಿದದ್ದು ಅಲ್ಯೂಮಿನಿಯಂ ಬೆರೆತ ಒಂದು ಮಂಕು ಉಕ್ಕು. ಬಿಸಿಯಾದಾಗ ಅದು ತಾನೇ ತೆಳು ಪೊರೆ ಹೊದ್ದು ಕ್ರೋಮಿಯಂ ಅನ್ನು ಒಳಗೇ ಹಿಡಿದಿಡುತ್ತದೆ. ಬೆಸೆಯಲು ಹೋದರೆ ಮಾತ್ರ ಮುನಿದ ಬೀಗರ ಬಿಗುಮಾನ. ಬಿರಿದು ಬಿಸಾಡಿದ ಕೊಳವೆಗಳಲ್ಲಿ ಊರಿಗೆಲ್ಲ ಬೇಲಿ ಕಟ್ಟಬಹುದಿತ್ತು.

ತಪ್ಪು ಕೊಳವೆಯದೆಂದು ಆಡಳಿತಕ್ಕೆ ಮಾತ್ರ ಇನ್ನೂ ನಂಬಿಕೆಯಿಲ್ಲ. ಮಂಕು ಉಕ್ಕಿನ ಕೊಳವೆಯೊಂದಿಗೆ ಇಂದು ಕೂರಿಸುವ ಬಿಲ್ಲೆಯೂ ಸತ್ತರೆ ಅಕ್ಕನ ಕೆಲಸ ಹೊರಗಿನವರ ಪಾಲು.

ಅಕ್ಕ ಮೆಟ್ಟಿಲಿಳಿದು ಬರುತ್ತಾರೆ. ಮಂಕು ಉಕ್ಕಿನ ಪಕ್ಕದಲ್ಲಿದ್ದು ಈಗ ತಣ್ಣಗಾದ ಚೂರನ್ನು ಬೆರಳಿನಿಂದ ಒರೆಸಿ, ಬೆರಳು ನೋಡಿಕೊಳ್ಳುತ್ತಾರೆ. ಚೂರು ಬೆಳ್ಳಗೇ ಇದೆ. ಹೊಸ ಬಿಲ್ಲೆಯನ್ನು ತಮ್ಮನ ಅಂಗೈಯಲ್ಲಿಡುತ್ತಾರೆ.

ಆಸೆ ಏನೆಂದು ಕೇಳಿದರೆ ಫಿಟ್ಟರ್ ಬಿಲ್ಲೆಯಿಂದ ಕಣ್ಣು ಕೀಳುವುದಿಲ್ಲ. ‘ಇದೂ ಒಂದಿನ ಸಾಯುತ್ತೆ. ಆಯಸ್ಸು ಮುಗಿದು ಸಾಯ್ಲಿ. ನನ್ನ ಕೊಳವೆಯಿಂದ ಬೇಡ.’