ಕೊಟ್ಟ ರಕ್ತ ವಾಪಸು ಕೇಳಿದ ಲೀಲಕ್ಕ

“ಅವತ್ತು ಕೊಟ್ಟ ರಕ್ತ ನನಗೆ ವಾಪಸು ಬೇಕು ಮೇಡಂ.”

ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಲೀಲಕ್ಕ ನನ್ನ ಕೈ ಹಿಡಿದು ಹೀಗೆಂದರು. ತೊಂಬತ್ತರ ದಶಕದ ಕೊನೆ ಅದು. ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಗೆ ಬರುತ್ತದೆಂಬುದು ನನ್ನ ಸಂಶೋಧನೆ. ಸಿದ್ಧಕಟ್ಟೆಯ ಲೀಲಕ್ಕನ ತಾಯಿ, ಅಕ್ಕ ಇಬ್ಬರೂ ಸ್ತನ ಕ್ಯಾನ್ಸರಿನಿಂದ ಹೋಗಿದ್ದರು. ಲೀಲಕ್ಕನಿಗೂ ಅದೇ ಕಾಯಿಲೆಗೆ ಆಪರೇಷನ್ ಆಗಿತ್ತು. ಹಿಂದಿನ ವರ್ಷ ನಾನೇ ಜೀಪಿನಲ್ಲಿ ಅವರ ಮನೆಗೆ ಹೋಗಿ ಪರೀಕ್ಷೆಗೆಂದು ರಕ್ತ ತಂದಿದ್ದೆ.

ಅದನ್ನು ಊರೇ ನೋಡಿತ್ತು. ಕಾಯಿಲೆಯ ಮಾತು ಹಬ್ಬಿ, ಮಗಳು ಸುಜಾತಳಿಗೆ ನಿಶ್ಚಯವಾಗಿದ್ದ ಮದುವೆ ಸಂಬಂಧ ಮುರಿದುಬಿದ್ದಿತ್ತು.

“ಈಗ ಬೆಳ್ತಂಗಡಿಯಿಂದ ಇನ್ನೊಂದು ಬಂದಿದೆ. ನಮ್ಮ ರಕ್ತ ಎಲ್ಲಿಯೂ ಇರುವುದು ಬೇಡ,” ಎಂದು ಅತ್ತರು. ಹೆಸರು ಯಾರಿಗೂ ತಿಳಿಯುವುದಿಲ್ಲವೆಂದರೂ ಒಪ್ಪಲಿಲ್ಲ. ಕೊಟ್ಟವರೇ ಬೇಡವೆಂದ ಮೇಲೆ ಇಟ್ಟುಕೊಳ್ಳುವ ಹಕ್ಕು ನಮಗಿರಲಿಲ್ಲ. ಪರೀಕ್ಷೆಗೆ ಮೊದಲೇ ಅದನ್ನು ನಾಶಮಾಡಿದೆ.

ಸುಜಾತಳ ಮದುವೆ ಆಯಿತು. ಎರಡು ವರ್ಷಕ್ಕೆ ಲೀಲಕ್ಕ ತೀರಿಕೊಂಡರು. ಆಮೇಲೊಂದು ದಿನ ಸುಜಾತ ಎಳೆ ಮಗಳನ್ನು ಎತ್ತಿಕೊಂಡು ಬಂದು, “ಅಮ್ಮನಿಗೆ ಇದ್ದದ್ದು ನನಗೂ ಉಂಟಾ ಅಂತ ನೋಡಿ ಹೇಳ್ತೀರಾ?” ಎಂದು ಕೇಳಿದಳು. ಖಚಿತವಾಗಿ ಹೇಳಬೇಕಾದರೆ ವಂಶವಾಹಿಯಲ್ಲಿ ದೋಷ ಎಲ್ಲಿದೆಯೆಂದು ಮೊದಲು ಅಮ್ಮನ ರಕ್ತದಲ್ಲಿ ಹುಡುಕಬೇಕಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಸಿಟ್ಟಾಗಲಿಲ್ಲ. “ನನಗೋಸ್ಕರ ಅಲ್ವಾ ಅಮ್ಮ ಹಾಗೆ ಮಾಡಿದ್ದು,” ಎಂದಳು.

ಈಗ ಸುಜಾತ ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾಳೆ. ವರದಿ ಕೈಗೆ ಬರುವವರೆಗೆ ನಾನೂ ಅವಳ ಜೊತೆ ಬೆಂಚಿನ ಮೇಲೆ ಕೂತಿರುತ್ತೇನೆ. ಇಷ್ಟು ವರ್ಷ ಓದಿದ ನನ್ನಿಂದ ಅವಳಿಗೆ ಆಗುವುದು ಅಷ್ಟೇ.