ಟ್ರಿಫೊನನ ಹಬ್ಬದ ದಿನ ಚಾಟನಿ ಪರೀಕ್ಷೆ

ನಲವತ್ತಾರನೆಯ ವಯಸ್ಸಿನಲ್ಲಿ ಡೊಬ್ರಿಂಕಾ ಹೆಗಲಿಗೆ ಚೀಲ ಏರಿಸಿಕೊಂಡು ಜಿಲ್ಲೆಯ ಸರ್ಕಾರಿ ಕೃಷಿ ತಾಂತ್ರಿಕ ಕಾಲೇಜಿಗೆ ಹೊರಟಾಗ ಊರೆಲ್ಲ ನಕ್ಕಿತು. ಇಪ್ಪತ್ತೇಳು ಚಳಿಗಾಲ ದ್ರಾಕ್ಷಿ ಬಳ್ಳಿಗಳ ಕಡ್ಡಿ ಸವರಿ ಚಾಟನಿ ಮಾಡಿದ ಕೈ ಅದು. ಯಾವ ಕಣ್ಣು ಚಿಗುರುತ್ತದೆ, ಯಾವುದು ಮುನಿಸಿಕೊಳ್ಳುತ್ತದೆ ಎಂದು ಬೇಲಿಯಾಚೆಯಿಂದಲೇ ಹೇಳುತ್ತಿದ್ದವಳು ಈಗ ಮೀಸೆ ಮೂಡದ ಹುಡುಗರ ನಡುವೆ ಕೂತು ಎಲೆಯ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು.

ಕಾರಣ ಸರಳ. ಊರಿನ ಸಹಕಾರ ಸಂಘದ ತೋಟಕ್ಕೆ ಮೇಲ್ವಿಚಾರಕರು ಬೇಕಾಗಿದ್ದರು. ಡಿಪ್ಲೊಮಾ ಇಲ್ಲದವರು ಅರ್ಜಿಯನ್ನೇ ಹಾಕುವಂತಿರಲಿಲ್ಲ.

"ಕೆಲಸ ನಿಂಗೆ ಗೊತ್ತಮ್ಮ, ಯಾರು ಇಲ್ಲ ಅಂತಾರೆ? ಆದ್ರೆ ಕಾಗದಕ್ಕೆ ಗೊತ್ತಾಗ್ಬೇಕಲ್ಲ!" ಎಂದು ಸಂಘದ ಅಧ್ಯಕ್ಷ ಸಾವಾ ಹೊಟ್ಟೆ ಕುಲುಕಿಸಿ ನಕ್ಕಿದ್ದ.

ಸರಿ, ಕಾಗದಕ್ಕೆ ತಿಳಿಸಲು ಡೊಬ್ರಿಂಕಾ ದಂಡಯಾತ್ರೆ ಹೊರಟಳು. ಎರಡು ವರ್ಷದಲ್ಲಿ ಮಣ್ಣಿನ ಪಾಠ ಗೆದ್ದಳು, ಕೀಟಗಳನ್ನು ಗೆದ್ದಳು. ಟ್ರ್ಯಾಕ್ಟರ್ ಪರೀಕ್ಷೆಯ ದಿನ ಹುಡುಗರು ಮೂರು ಕಡೆ ಬೇಲಿ ಮುರಿದರು. ಇವಳು ಟ್ರೇಲರನ್ನು ಹಿಂದಕ್ಕೆ ಸರಿಸಿ ತೊಟ್ಟಿಲಿಗೆ ಮಗು ಮಲಗಿಸಿದಂತೆ ಕೊಟ್ಟಿಗೆಗೆ ಸೇರಿಸಿದಳು. ಉಳಿದದ್ದು ಒಂದೇ, ಹತ್ತು ಬಳ್ಳಿಯ ಚಾಟನಿ. ವರ್ಷಕ್ಕೊಂದೇ ಸಲ ಆ ಪರೀಕ್ಷೆ. ಹುದ್ದೆ ತುಂಬುವುದು ಮಾರ್ಚ್‌ನಲ್ಲಿ. ತಪ್ಪಿದರೆ ಎರಡು ವರ್ಷ ನೀರಲ್ಲಿ ಹೋಮ.

ಕಾಲೇಜಿನ ಗಂಡಸರು ಸೇರಿ ದಿನ ಗೊತ್ತು ಮಾಡಿದರು. ಫೆಬ್ರುವರಿ ಹದಿನಾಲ್ಕು, ಸಂತ ಟ್ರಿಫೊನನ ಹಬ್ಬ. ಗಂಡಸರು ಬಳ್ಳಿ ಕತ್ತರಿಸಿ, ಕತ್ತರಿಸಿದಲ್ಲಿ ವೈನ್ ಸುರಿದು, ಮಿಕ್ಕದ್ದನ್ನು ತಮ್ಮೊಳಗೆ ಸುರಿದುಕೊಳ್ಳುವ ದಿನ. ಇದಕ್ಕಿಂತ ಶುಭ ಮುಹೂರ್ತ ಎಲ್ಲಿದೆ? ಆದರೆ ಅದೇ ದಿನದಿಂದ ಮೂರು ದಿನ ಹೆಂಗಸರು ಕತ್ತರಿ ಮುಟ್ಟುವಂತಿಲ್ಲ. ಹೆಣ್ಣು ಕತ್ತರಿ ಬಾಯಿ ತೆರೆದರೆ ತೋಳ ಬಾಯಿ ತೆರೆಯುತ್ತದೆ, ಕುರಿ ಉಳಿಯುವುದಿಲ್ಲ. ತರಗತಿಯಲ್ಲಿ ಒಬ್ಬಳು ಹೆಂಗಸಿದ್ದಾಳೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಡೊಬ್ರಿಂಕಾಳ ಅತ್ತೆ ಗಾನಾಗೆ ಮಾತ್ರ ಹೊಳೆದಿತ್ತು.

"ಹನ್ನೊಂದು ಕುರಿ ಇವೆ ಕಣೇ ನಮ್ಮನೇಲಿ! ನಿನ್ನ ಡಿಪ್ಲೊಮಾ ಹಾಲು ಕೊಡುತ್ತಾ?"

"ತೋಳ ನೋಡಿ ಎಷ್ಟು ವರ್ಷ ಆಯ್ತು ಅತ್ತೆ?"

"ಯಾಕೆ ನೋಡಿಲ್ಲ ಅಂತೀಯ? ನಾನು ಕತ್ತರಿ ಮುಟ್ಟಿಲ್ಲ, ಅದಕ್ಕೇ!"

ಈ ವಾದಕ್ಕೆ ಯಾವ ಕಾಲೇಜಿನಲ್ಲೂ ಉತ್ತರವಿಲ್ಲ. ಡೊಬ್ರಿಂಕಾ ಹಾಲು ಕರೆದು ಬಂದು, ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು.

ಕಾಲೇಜಿನ ತೋಟದಲ್ಲಿ ಮೊಣಕಾಲುದ್ದ ಹಿಮ. ಪರೀಕ್ಷಕ ಲಾಜರೊವ್ ಬಳ್ಳಿಯ ರೋಗಗಳ ಮೇಲೆ ಡಾಕ್ಟರೇಟ್ ಪಡೆದ ಮನುಷ್ಯ. ನಿಯಮ ಓದಿದ: ಪ್ರತಿಯೊಬ್ಬರೂ ಸ್ವಂತ ಕತ್ತರಿಯನ್ನೇ ಬಳಸಬೇಕು, ಇನ್ನೊಬ್ಬರದ್ದು ಮುಟ್ಟಿದರೆ ರೋಗ ಹರಡುತ್ತದೆ. ಡೊಬ್ರಿಂಕಾ ಚೀಲ ತೆರೆದಳು. ಕತ್ತರಿಯ ಅಲಗುಗಳಿಗೆ ಕೆಂಪು ದಾರ ಸುತ್ತಿ ಸುತ್ತಿ ಗಂಟು ಹಾಕಲಾಗಿತ್ತು. ಇವಳು ಹಾಲು ಕರೆಯುವಷ್ಟರಲ್ಲಿ ಅತ್ತೆ ತೋಳದ ಬಾಯಿ ಮುಚ್ಚಿಬಿಟ್ಟಿದ್ದಳು.

ಉಗುರು ಹಾಕಿದಳು. ಗಂಟು ಜಪ್ಪಯ್ಯ ಎನ್ನಲಿಲ್ಲ. ಪಕ್ಕದ ಹುಡುಗನಿಗೆ, "ಏ ಮಿಲ್ಕೊ, ಆ ದಾರ ಒಂಚೂರು ಕತ್ತರಿಸಪ್ಪ" ಎಂದಳು.

ಮಿಲ್ಕೊ ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಚಿಕ್ಕಮ್ಮ. ಬಿಚ್ಚಿದವರ ಮನೆಗೇ ತೋಳ ಬರುತ್ತಂತೆ. ನಮ್ಮಜ್ಜಿ ನನ್ನ ಕೊಂದೇಬಿಡ್ತಾರೆ."

ಡೊಬ್ರಿಂಕಾ ವಿಜ್ಞಾನದ ಕಡೆ ತಿರುಗಿದಳು. "ಸರ್, ನೀವಾದ್ರೂ?"

ಲಾಜರೊವ್ ಕೆಮ್ಮಿದ. "ನಾನು ನಂಬಲ್ಲಮ್ಮ. ಆದ್ರೆ ಮೊನ್ನೆ ತಾನೆ ನಾಲ್ಕು ಕುರಿ ತಂದಿದೀನಿ."

ಗಡಿಯಾರ ಓಡುತ್ತಿತ್ತು. ಹುಡುಗರು ಆಗಲೇ ಎರಡನೆಯ ಬಳ್ಳಿಯಲ್ಲಿದ್ದರು. ಡೊಬ್ರಿಂಕಾ ಕತ್ತರಿಯನ್ನು ಬಾಯಿಗೆ ಎತ್ತಿಕೊಂಡು, ತಲೆ ಕೊಡವಿ, ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ಗಂಟಲಿನಿಂದ ಎಂಥದೋ ಗುರುಗುಟ್ಟುವ ಸದ್ದೂ ಬಂತಂತೆ. ಮಿಲ್ಕೊ ಶಿಲುಬೆಯ ಗುರುತು ಮಾಡಿಕೊಂಡ. ದಾರ ಉಗಿದು, ಅಲಗು ಒರೆಸಿ ಔಷಧಿಯಲ್ಲಿ ಅದ್ದಿ, ಅವಳು ಸಾಲಿಗೆ ಇಳಿದಳು. ಆಮೇಲೆ ಕೇಳಿಸಿದ್ದು ಕತ್ತರಿಯ ಸದ್ದು ಮಾತ್ರ. ಹುಡುಗರು ಏಳರಲ್ಲಿದ್ದಾಗ ಅವಳ ಹತ್ತೂ ಮುಗಿದಿದ್ದವು.

ಲಾಜರೊವ್ ಕೊನೆಯ ಬಳ್ಳಿಯ ಮುಂದೆ ನಿಂತ. "ಪುಸ್ತಕದಲ್ಲಿ ಎರಡು ಕಣ್ಣು ಬಿಡಿ ಅಂತಿದೆ. ನೀವು ನಾಲ್ಕು ಬಿಟ್ಟಿದೀರಿ."

"ಪುಸ್ತಕ ಈ ತಗ್ಗಲ್ಲಿ ನಿಂತಿಲ್ವಲ್ಲ ಸರ್. ಹಿಮ ಮೊದಲು ಕೂರೋದು ಇಲ್ಲೇ. ಚಳಿಗೆ ಎರಡು ಸುಟ್ಟುಹೋದ್ರೂ ಎರಡು ಉಳೀಲಿ ಅಂತ."

ಅವನು ಕೆಳಗೆ ನೋಡಿದ, ಇಳಿಜಾರು ನೋಡಿದ, ಆರು ಅಂಕಕ್ಕೆ ಐದೂವರೆ ಬರೆದ.

ಮನೆಯಲ್ಲಿ ಗಾನಾ ದೊಣ್ಣೆ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದಳು. ಅಂಕ ಕೇಳಿ ಮುಖ ಗಂಟಿಕ್ಕಿದಳು. "ಆ ಅರ್ಧ ಯಾರು ತಿಂದ್ರು? ನಾಳೆ ನಾನೂ ಬರ್ತೀನಿ, ಕೇಳ್ತೀನಿ!"

ಮಾರ್ಚ್‌ನಲ್ಲಿ ಡೊಬ್ರಿಂಕಾ ಮೇಲ್ವಿಚಾರಕಿಯಾಗಿ ಸಂಘದ ತೋಟಕ್ಕೆ ಕಾಲಿಟ್ಟಳು. ಅಧ್ಯಕ್ಷ ಸಾವಾ ಕತ್ತರಿ ಹಿಡಿದು ಉತ್ಸಾಹದಿಂದ ಒಂದು ಸಾಲನ್ನು ಬೋಳಿಸುತ್ತಿದ್ದ. ಅವಳು ಎರಡು ಬಳ್ಳಿ ನೋಡಿದಳು, ಮೂರನೆಯದನ್ನು ನೋಡಲಿಲ್ಲ.

"ಅಧ್ಯಕ್ಷರೇ, ಸಾಲು ಬಿಟ್ಟು ಈಚೆ ಬನ್ನಿ."

"ನಾನು ಮೂವತ್ತು ವರ್ಷದಿಂದ..."

"ಗೊತ್ತು. ಆದ್ರೆ ಡಿಪ್ಲೊಮಾ ಇದೆಯಾ?"

ಸಾವಾ ಕತ್ತರಿಯ ಬಾಯಿ ಮುಚ್ಚಿದ. ಆಮೇಲೆ ಈಚೆ ಬಂದ.