ಬೆಲ್ಲ, ನೀರು, ಪಾಸ್‌ವರ್ಡ್

ಮುಂಡಾಜೆಯ ನಮ್ಮ ಮನೆಗೆ ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ವೈಫೈ ಬಂದ ಮೇಲೆ ಅಮ್ಮ ಅದಕ್ಕೆ ಪಾಸ್‌ವರ್ಡನ್ನೂ ಸೇರಿಸಿದಳು. ಕ್ಯಾಲೆಂಡರಿನ ಹಿಂಬದಿ ನನ್ನಿಂದ ದಪ್ಪಕ್ಷರದಲ್ಲಿ ಬರೆಸಿ, ನೆಂಟರು ಬೆಲ್ಲ ಕಚ್ಚುವಷ್ಟರಲ್ಲಿ ತಿರುಗಿಸಿ ತೋರಿಸುತ್ತಿದ್ದಳು. ಬಾಗಿಲ ಮೇಲಿನ ವೈಫೈ ಪೆಟ್ಟಿಗೆಯ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಇಷ್ಟೆ: ದೀಪ ಹಸಿರಾದರೆ ನೆಟ್ ಉಂಟು, ಕೆಂಪಾದರೆ ಇಲ್ಲ. ನಾವು ಒಳಗಿನಿಂದ ಕೇಳಿದರೆ "ಹಸಿರು ಉಂಟು!" ಎಂದು ಜಗಲಿಯಿಂದ ಕೂಗುತ್ತಿದ್ದಳು. ಮೂರನೆಯ ಮನೆಗೆ ಕೇಳುವ ಗಂಟಲು.

ಆ ಗಂಟಲಿಗೇ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಮೊದಲಿನ ಸ್ವರ ಮತ್ತೆ ಬರಲಿಕ್ಕಿಲ್ಲ ಎಂದರು ಡಾಕ್ಟರು. ಆಪರೇಷನ್ನಿಗೆ ಮೂರು ವಾರವಿತ್ತು. ಅಮ್ಮ ಅಳಲಿಲ್ಲ. "ನಾನು ಮಾತಾಡಿದ್ದನ್ನೆಲ್ಲ ಹಿಡಿದಿಡು. ಆಮೇಲೆ ನನಗೇ ಬೇಕಾಗ್ತದೆ," ಎಂದಳು.

ದಿನಾ ಮೊಬೈಲಿನಲ್ಲಿ ಹಿಡಿದೆ. ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕುವ ಕ್ರಮ, ಕೋಳಿಗಳಿಗೆ ಬೈದದ್ದು, ನನ್ನನ್ನು ತುಳುವಿನಲ್ಲಿ ಊಟಕ್ಕೆ ಕರೆದದ್ದು.

ಎಲ್ಲವನ್ನೂ ಒಂದು ಫೋಲ್ಡರಿನಲ್ಲಿ ಹಾಕಿ ಮನೆಯವರಿಗೆಲ್ಲ ಸಿಗುವಂತೆ ಮಾಡಬೇಕಿತ್ತು. ಶಾಲೆ ಟೀಚರಾದ ನನ್ನದು ಹಳೆಯ ವಿಂಡೋಸ್ ಕಂಪ್ಯೂಟರ್. ಮದುವೆ ಫೋಟೋ ತೆಗೆಯುವ ಅಣ್ಣನದು ಮ್ಯಾಕ್. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅತ್ತಿಗೆಯದು ಲಿನಕ್ಸ್. ಮೂರಕ್ಕೂ ಒಂದೇ ನೆಟ್, ಆದರೆ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಅಣ್ಣನ ಮ್ಯಾಕ್ ನನ್ನ ಫೋಲ್ಡರಿಗೆ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ತಪ್ಪು ಎನ್ನುತ್ತದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಪಾಸ್‌ವರ್ಡನ್ನೇ ತೆಗೆದು ಹಾಕಿದೆ. ಯಾರು ಬೇಕಾದರೂ ತೆರೆಯಬಹುದು, ಯಾರು ಬೇಕಾದರೂ ಬದಲಿಸಬಹುದು.

"ಬೇಡ ಮಾರಾಯ್ತಿ. ಸಂಜೆ ನಾನು ಸರಿ ಮಾಡಿ ಕೊಡ್ತೇನೆ," ಎಂದಳು ಅತ್ತಿಗೆ.

"ಮನೆಯೊಳಗೆ ಯಾರಿಗೆ ಬೀಗ ಹಾಕುವುದು?" ಎಂದು ರೇಗಿದೆ.

ಅಣ್ಣನ, ಅತ್ತಿಗೆಯ ಕಂಪ್ಯೂಟರುಗಳು ಆ ಫೋಲ್ಡರನ್ನು ತಾವಾಗಿಯೇ ನಕಲು ಮಾಡಿಕೊಳ್ಳತೊಡಗಿದವು. ನನ್ನಲ್ಲಿ ಏನು ಬದಲಾದರೂ ಅಲ್ಲಿಯೂ ಬದಲು. ಅಮ್ಮ ಮೂರು ಕಡೆ ಇದ್ದಾಳೆ ಎಂಬ ಧೈರ್ಯದಲ್ಲಿ ಮೊಬೈಲಿನಿಂದ ಅಳಿಸಿದೆ. ಅಲ್ಲಿ ಜಾಗವಿರಲಿಲ್ಲ.

ಸುದ್ದಿ ತಿಳಿದು ಬಂಟ್ವಾಳದಿಂದ, ನಾರಾವಿಯಿಂದ ನೆಂಟರು ಬಂದರು. ಸ್ವರ ಒಡೆದಿದ್ದರೂ ಅಮ್ಮ ಕ್ಯಾಲೆಂಡರ್ ತಿರುಗಿಸುವುದನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ, ನೆಂಟರೆಲ್ಲ ಹೋದ ಮೇಲೆ, ಅತ್ತಿಗೆ ನೆಟ್ಟಿಗೆ ಸೇರಿಕೊಂಡವರ ಪಟ್ಟಿ ನೋಡುತ್ತ ಕೂತಿದ್ದಳು.

"ನಮ್ಮದು ಮೊಬೈಲು, ಕಂಪ್ಯೂಟರ್ ಎಲ್ಲ ಸೇರಿ ಎಂಟು. ಇಲ್ಲಿ ಹನ್ನೆರಡು ತೋರಿಸ್ತದೆ."

"ಪಕ್ಕದ ಮನೆಯವರಿರಬೇಕು, ಬಿಡು," ಎಂದೆ. ಆದರೂ ಅಂಗಳದ ಕಡೆ ಒಮ್ಮೆ ನೋಡಿದೆ. ಯಾರೂ ಇರಲಿಲ್ಲ.

ಆಪರೇಷನ್ ಆದ ನಾಲ್ಕನೆಯ ದಿನ ಅಮ್ಮನ ಸೀರೆ ಒಯ್ಯಲು ಮನೆಗೆ ಬಂದೆ. ನಕಲಾಗುವುದು ನಿಲ್ಲಬಾರದೆಂದು ನನ್ನ ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಹೋಗಿದ್ದೆ. ಫೋಲ್ಡರಿನಲ್ಲಿ ನಾನಿಟ್ಟ ಹೆಸರುಗಳಿರಲಿಲ್ಲ. ಅರ್ಥವಿಲ್ಲದ ಅಕ್ಷರಗಳು, ಬಿಳಿ ಚೌಕಗಳು. ಕೊನೆಯ ನಾಲ್ಕೈದು ನನ್ನ ಕಣ್ಣೆದುರೇ ಒಂದೊಂದಾಗಿ ಬಿಳಿಯಾದವು. ನಾನು ಕಿರುಚಿದೆ. ಅತ್ತಿಗೆ ಓಡಿ ಬಂದು ತಂತಿ ಕಿತ್ತಳು, ತನ್ನದನ್ನು ತೆರೆದಳು, ಅಣ್ಣನದನ್ನು ತೆರೆದಳು. ಅಲ್ಲೂ ಬಿಳಿ.

"ವೈರಸ್ಸು. ಎಲ್ಲದಕ್ಕೂ ಬೀಗ ಹಾಕಿದೆ. ಇನ್ನು ತೆರೆಯಲಿಕ್ಕೆ ಆಗುವುದಿಲ್ಲ," ಎಂದಳು. 'ನಾನು ಹೇಳಿದ್ದೆ' ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಯಾರ ಯಂತ್ರದಿಂದ ಬಂತೋ ಗೊತ್ತಾಗಲಿಲ್ಲ. ಆಮೇಲೆ ಸಾಂತ್ವನ ಹೇಳಲು ಬಂದ ಪ್ರತಿಯೊಬ್ಬರ ಕೈಯಲ್ಲಿದ್ದ ಮೊಬೈಲನ್ನೂ ನಾನು ಕಳ್ಳನನ್ನು ನೋಡಿದ ಹಾಗೆ ನೋಡಿದೆ. ಬಾಗಿಲು ತೆರೆದಿಟ್ಟವಳು ನಾನೇ.

ಅಮ್ಮ ಮನೆಗೆ ಬಂದಳು, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಸ್ಲೇಟು. ಫೋಲ್ಡರಿನ ವಿಷಯ ನಾವು ಏನೂ ಹೇಳಿರಲಿಲ್ಲ. ಮರುದಿನ ನನ್ನ ಕಂಪ್ಯೂಟರ್ ತೋರಿಸಿ, ತನ್ನ ಗಂಟಲು ಮುಟ್ಟಿ, ಕೇಳಿಸು ಎಂಬಂತೆ ಕಿವಿಗೆ ಕೈ ಹಿಡಿದಳು.

ಪರದೆಯಲ್ಲಿ ಬರುವುದೆಲ್ಲ ನೆಟ್ಟಿನಿಂದಲೇ ಎಂದು ಅವಳ ನಂಬಿಕೆ. ನನಗೆ ಹೇಡಿತನ ಬಂತು. "ಈಗ ನೆಟ್ ಇಲ್ಲಮ್ಮ," ಎಂದೆ.

ಅವಳು ತಲೆಯೆತ್ತಿ ಬಾಗಿಲ ಮೇಲಿನ ಪೆಟ್ಟಿಗೆ ನೋಡಿದಳು. ಆಮೇಲೆ ಸ್ಲೇಟಿನಲ್ಲಿ ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದಳು.

"ಹಸಿರು ಉಂಟು."